ಆಲೆಫ್: ಎತ್ತಿನ ತಲೆ, ಮುಚ್ಚಿದ ಬಾಯಿ

ಹೀಬ್ರೂ ಅಕ್ಷರಮಾಲೆಯ 22 ಅಕ್ಷರಗಳಲ್ಲಿ ಮೊದಲನೆಯದು ಆಲೆಫ್. ಓರೆಯಾಗಿ ಎಳೆದ ಒಂದು ಗೆರೆ, ಅದರ ಮೇಲೊಂದು ಕೊಂಬು, ಕೆಳಗೊಂದು ಕಾಲು. ಇಂದು ಇಸ್ರೇಲಿನ ಬಹುಪಾಲು ಜನ ಮಾತಾಡುವಾಗ ಅದಕ್ಕೆ ದನಿಯೇ ಇರುವುದಿಲ್ಲ. ಹಾಗಿದ್ದೂ ಬರೆಯುವಾಗ ಅದನ್ನು ಬಿಡುವಂತಿಲ್ಲ. ದನಿಯಿಲ್ಲದ ಈ ಅಕ್ಷರಕ್ಕೆ ಯಹೂದಿ ಪರಂಪರೆ ಕಟ್ಟಿಕೊಟ್ಟ ಅರ್ಥಗಳಿಗೆ ಲೆಕ್ಕವಿಲ್ಲ. ಆ ಅರ್ಥಗಳು ಅಕ್ಷರದೊಳಗೇ ಇದ್ದವೋ, ಅದನ್ನು ಬಳಸಿದವರು ಹೊರಗಿನಿಂದ ತಂದವೋ? ಪ್ರಶ್ನೆಗೆ ಎರಡು ಮಗ್ಗುಲು ಇರುವುದರಿಂದ ಅದನ್ನು ಇಬ್ಬರ ಬಾಯಿಗೆ ಹಂಚಿದ್ದೇನೆ. ಒಬ್ಬರು ಲಿಪಿಗಳ ಚರಿತ್ರೆ ಬಲ್ಲ ಮೇಷ್ಟ್ರು, ಯಾವ ಅಕ್ಷರಕ್ಕೂ ಸುಲಭವಾಗಿ ಕೈಮುಗಿಯುವವರಲ್ಲ. ಇನ್ನೊಬ್ಬಳು ಯಹೂದಿ ಗ್ರಂಥಗಳನ್ನು ಓದುತ್ತಿರುವ ಅವರ ಶಿಷ್ಯೆ.

ಶಿಷ್ಯೆ: ಮೇಷ್ಟ್ರೇ, ಆಲೆಫ್ ಅಂದಕೂಡಲೇ ನಮ್ಮವರು ಅದು ಅವರ ‘ಅ’ ಅಂದುಕೊಳ್ಳುತ್ತಾರೆ. ಅಲ್ಲ. ಅದು ಸ್ವರವಲ್ಲ, ವ್ಯಂಜನ. ನಮ್ಮ ‘ಅ’ ಪ್ರತಿ ಅಕ್ಷರದ ಹೊಟ್ಟೆಯಲ್ಲೂ ಕೂತಿರುತ್ತದೆ. ‘ಕ’ ಅಂದರೂ ಅದಿದೆ, ‘ಮ’ ಅಂದರೂ ಅದಿದೆ. ಆಲೆಫ್ ಇದಕ್ಕೆ ತದ್ವಿರುದ್ಧ. ಗಂಟಲಲ್ಲಿ ಗಾಳಿ ಒಂದು ಚಣ ತಡೆದು ಬಿಟ್ಟಾಗ ಆಗುವ ಸಣ್ಣ ತಡೆ ಇದೆಯಲ್ಲ, ಅದಕ್ಕಿಟ್ಟ ಗುರುತು ಅದು. ಆಮೇಲಾಮೇಲೆ ಆ ತಡೆಯೂ ಮಾಸಿಹೋಯಿತು. ಉಳಿದದ್ದು ಖಾಲಿ ಪಾತ್ರೆ. ಕೆಳಗೆ ಸ್ವರದ ಚುಕ್ಕೆ ಇಟ್ಟರೆ ಆ ಸ್ವರ ನುಡಿಯುತ್ತದೆ, ಇಡದಿದ್ದರೆ ಸುಮ್ಮನಿರುತ್ತದೆ. ಅಂಥದ್ದನ್ನು ಸಾಲಿನ ತಲೆಯಲ್ಲಿ ಕೂರಿಸಿದ್ದಾರೆ ಅಂದರೆ ಏನೋ ಉದ್ದೇಶ ಇದ್ದಿರಬೇಕಲ್ಲ? ಮಾತಿಗೆ ಮುಂಚೆ ಮೌನ ಅನ್ನುವ ಹಾಗೆ?

ಮೇಷ್ಟ್ರು: ಚೆನ್ನಾಗಿದೆಯಮ್ಮ, ಕೇಳಲಿಕ್ಕೆ. ಆದರೆ ಕಾಲದ ಲೆಕ್ಕ ಕೂಡುವುದಿಲ್ಲ. ಸಿರಿಯಾದ ಕರಾವಳಿಯಲ್ಲಿ ಉಗಾರಿತ್ ಅಂತ ಒಂದು ಹಳೇ ಪಟ್ಟಣ. ಅಲ್ಲಿ 1929ರಿಂದ ಅಗೆದಾಗ ಸಿಕ್ಕ ಮಣ್ಣಿನ ಹಲಗೆಗಳಲ್ಲಿ ಮಕ್ಕಳಿಗೆ ಕಲಿಸುವ ಹಾಗೆ ಅಕ್ಷರಗಳನ್ನು ಸಾಲಾಗಿ ಒತ್ತಿಟ್ಟಿದ್ದಾರೆ. ಕ್ರಿ.ಪೂ. 14–13ನೇ ಶತಮಾನದ ಸರಕು. ಸಾಲು ಶುರುವಾಗುವುದೇ ಆಲೆಫ್‌ನ ಜಾತಿಯ ಅಕ್ಷರದಿಂದ. ಹೀಬ್ರೂ ಬರವಣಿಗೆ ಆಗಿನ್ನೂ ಹುಟ್ಟಿರಲಿಲ್ಲ, ಆಲೆಫ್ ಆಗಿನ್ನೂ ಮೂಕವಾಗಿರಲಿಲ್ಲ. ಸಾಲಿನ ತಲೆಯ ಜಾಗ ಅದಕ್ಕೆ ಮೊದಲು ಸಿಕ್ಕಿತು, ಬಾಯಿ ಆಮೇಲೆ ಮುಚ್ಚಿತು. ನೀನು ಎರಡನ್ನೂ ಒಟ್ಟಿಗೆ ಹೊಲಿದು ಉದ್ದೇಶ ಹುಡುಕುತ್ತಿದ್ದೀಯ. ಕಾಗೆ ಕೂತದ್ದಕ್ಕೂ ಕೊಂಬೆ ಮುರಿದದ್ದಕ್ಕೂ ನಂಟು ಕಟ್ಟಿದ ಹಾಗೆ.

ಶಿಷ್ಯೆ: ಹಾಗಾದರೆ ಅದಕ್ಕೂ ಹಿಂದಕ್ಕೆ ಹೋಗೋಣ. ಆಲೆಫ್ ಅಂದರೆ ಎತ್ತು. ಅಕ್ಷರ ಹುಟ್ಟಿದ್ದೇ ಎತ್ತಿನ ತಲೆಯ ಚಿತ್ರವಾಗಿ. ಅರ್ಥವೇ ಇಲ್ಲದೆ ಚಿತ್ರ ಹುಟ್ಟುತ್ತದೆಯೇ?

ಮೇಷ್ಟ್ರು: ಆ ಚಿತ್ರ ಸಿಕ್ಕಿದ್ದು ಸಿನಾಯ್ ಮರಳುಗಾಡಿನ ಸೆರಾಬಿತ್ ಎಲ್-ಖಾದಿಮ್‌ನಲ್ಲಿ. ಈಜಿಪ್ಟಿನವರು ನೀಲಿ ಕಲ್ಲು ಅಗೆಯುತ್ತಿದ್ದ ಗಣಿ ಅದು. 1905ರಲ್ಲಿ ಫ್ಲಿಂಡರ್ಸ್ ಪೆಟ್ರಿ ಅಲ್ಲಿ ವಿಚಿತ್ರವಾದ ಕೆಲವು ಶಾಸನ ಕಂಡರು. 1916ರಲ್ಲಿ ಅಲನ್ ಗಾರ್ಡಿನರ್ ಅದರೊಳಗೆ ‘ಬಾಲತ್’, ಅಂದರೆ ಒಡತಿ, ಅನ್ನುವ ದೇವತೆಯ ಹೆಸರನ್ನು ಓದಿದರು. ಓದಿದ ಬಗೆ ಗಮನಿಸು. ಮನೆಯ ಚಿತ್ರವನ್ನು ‘ಮನೆ’ ಅಂತ ಓದಲಿಲ್ಲ. ಮನೆಗೆ ಅವರ ನುಡಿಯಲ್ಲಿ ‘ಬೇತ್’, ಅದರ ಮೊದಲ ದನಿ ‘ಬ್’, ಆದ್ದರಿಂದ ಆ ಚಿತ್ರ ಅಂದರೆ ಬರೀ ‘ಬ್’. ಎತ್ತಿನ ತಲೆಯ ಗತಿಯೂ ಅದೇ. ಅದು ಎತ್ತು ಅನ್ನುವುದನ್ನು ಮರೆತವನಿಗಷ್ಟೇ ಆ ಬರಹ ಅರ್ಥವಾಗುತ್ತದೆ. ಈಜಿಪ್ಟಿನ ಬರಹಗಾರ ನೂರಾರು ಚಿತ್ರಗಳ ಅರ್ಥವನ್ನು ನೆನಪಿಟ್ಟುಕೊಳ್ಳಬೇಕಿತ್ತು. ಗಣಿಯ ಸುತ್ತಲಿನ ಈ ಜನ ಮೂವತ್ತಕ್ಕೂ ಕಡಿಮೆ ಚಿತ್ರ ಸಾಕು ಅಂದರು. ಸಾಕಾದದ್ದು ಹೇಗೆ? ಅರ್ಥವನ್ನು ಕಿತ್ತೆಸೆದು ದನಿಯನ್ನಷ್ಟೇ ಇಟ್ಟುಕೊಂಡದ್ದರಿಂದ. ಅಕ್ಷರಮಾಲೆ ಅನ್ನುವ ಉಪಾಯ ಇರುವುದೇ ಅಲ್ಲಿ. ಅಕ್ಷರಕ್ಕೆ ಮತ್ತೆ ಅರ್ಥ ತುಂಬುವುದು ಅಂದರೆ ಆ ಉಪಾಯವನ್ನೇ ತಲೆಕೆಳಗು ಮಾಡಿದ ಹಾಗೆ.

ಶಿಷ್ಯೆ: ಗ್ರೀಕರ ಮಟ್ಟಿಗೆ ನೀವು ಹೇಳಿದ್ದು ಸರಿ. ‘ಆಲ್ಫಾ’ ಅಂದರೆ ಗ್ರೀಕ್‌ನಲ್ಲಿ ಆ ಅಕ್ಷರದ ಹೆಸರು ಬಿಟ್ಟರೆ ಬೇರೇನೂ ಇಲ್ಲ. ತಮಗೆ ಬೇಡದ ಆ ಗಂಟಲ ತಡೆಯನ್ನು ಎಸೆದು, ಗುರುತನ್ನು ಸ್ವರ ಮಾಡಿಕೊಂಡರು, ಮುಗಿಯಿತು. ಹೀಬ್ರೂ ಆಡುವವನಿಗೆ ಆ ಹೆಸರು ಸತ್ತಿಲ್ಲ. ಅದೇ ಮೂರು ಅಕ್ಷರಗಳನ್ನು ‘ಎಲೆಫ್’ ಅಂತ ಓದಿದರೆ ಸಾವಿರ. ಅದೇ ಧಾತುವಿನಿಂದ ಪಳಗಿಸು, ಕಲಿಸು ಅನ್ನುವ ಕ್ರಿಯಾಪದಗಳು. ಇಸ್ರೇಲಿಗೆ ಹೊಸದಾಗಿ ಬಂದವರು ಭಾಷೆ ಕಲಿಯುವ ಶಾಲೆಗೆ ‘ಉಲ್ಪಾನ್’ ಅನ್ನುತ್ತಾರಲ್ಲ, ಅದೂ ಈ ಧಾತುವಿನದೇ. ಎತ್ತು, ಪಳಗಿಸುವುದು, ಕಲಿಕೆ ಮೂರೂ ಒಂದೇ ಹಗ್ಗದಲ್ಲಿವೆ. ಒಂದನೇ ತರಗತಿ ಅಲ್ಲಿ ‘ಕಿತಾ ಆಲೆಫ್’. ಉತ್ತಮ ದರ್ಜೆಯದು ಅನ್ನಲಿಕ್ಕೆ ‘ಆಲೆಫ್-ಆಲೆಫ್’. ಕಿತ್ತೆಸೆದ ಅರ್ಥ ಹಿತ್ತಲ ಬಾಗಿಲಿನಿಂದ ಒಳಗೆ ಬಂದು ಕೂತಿದೆ, ನೋಡಿ.

ಮೇಷ್ಟ್ರು: ಬಂದದ್ದು ಹೆಸರಿನ ಅರ್ಥ, ಅಕ್ಷರದ್ದಲ್ಲ. ಆ ಎರಡರ ನಡುವೆ ಒಂದು ಗೆರೆ ಇರಲಿ.

ಇಲ್ಲಿಯತನಕದ ಮಾತು ಎಲ್ಲ ಲಿಪಿಗಳಿಗೂ ಅಷ್ಟಿಷ್ಟು ಸಲ್ಲುತ್ತದೆ. ಆಲೆಫ್‌ಗಷ್ಟೇ ಸಲ್ಲುವ ತಕರಾರು ಶುರುವಾಗುವುದು ಯಹೂದಿ ದೇವಾಲಯದ ಗ್ರಂಥಸುರುಳಿಯ ಬಳಿ.

ಮೇಷ್ಟ್ರು: ನನ್ನ ವಾದವನ್ನು ಒಂದೇ ಉಸಿರಿಗೆ ಹೇಳಿಬಿಡುತ್ತೇನೆ. ದನಿ ಸತ್ತ ಅಕ್ಷರಕ್ಕೆ ಎರಡೇ ದಾರಿ. ಒಂದೋ ಅದನ್ನು ಬಿಟ್ಟುಬಿಡಬೇಕು, ಇಲ್ಲವೋ ಅದು ಯಾಕಿದೆ ಅಂತ ಕಾರಣ ಹೇಳಬೇಕು. ಹಳಗನ್ನಡದಲ್ಲಿ ೞ ಇತ್ತು, ಱ ಇತ್ತು. ದನಿ ಹೋಯಿತು, ಕಾಲಕ್ರಮದಲ್ಲಿ ಅಕ್ಷರವೂ ಹೋಯಿತು. ಅದಕ್ಕಾಗಿ ಯಾರೂ ಪುರಾಣ ಕಟ್ಟಲಿಲ್ಲ. ಯಹೂದಿಗಳಿಗೆ ಆ ದಾರಿ ಇರಲಿಲ್ಲ. ಪವಿತ್ರ ಗ್ರಂಥವಾದ ತೋರಾದ ಸುರುಳಿಯಲ್ಲಿ ಅವರ ಲೆಕ್ಕಕ್ಕೆ 3,04,805 ಅಕ್ಷರ. ಒಂದು ಬಿಟ್ಟುಹೋದರೂ ಸುರುಳಿ ‘ಪಸುಲ್’. ತಿದ್ದುವ ತನಕ ಪೂಜೆಯ ಓದಿಗೆ ಸಲ್ಲದು. ಬರೆಯುವವನಿಗೆ ‘ಸೋಫೆರ್’ ಅನ್ನುತ್ತಾರೆ. ಹಿಂದಿನವರು ಅಕ್ಷರ ಎಣಿಸುತ್ತಿದ್ದರು, ಅದಕ್ಕೇ ಆ ಹೆಸರು ಅನ್ನುತ್ತದೆ ಅವರ ಹಳೆಯ ಧರ್ಮಚರ್ಚೆಗಳ ಸಂಗ್ರಹವಾದ ತಾಲ್ಮುದ್. ಅಂದರೆ ಕಾಗುಣಿತಕ್ಕೆ ಬೀಗ ಬಿತ್ತು. ಬೀಗದೊಳಗೆ ಸಿಕ್ಕಿಕೊಂಡ, ಕೆಲಸವಿಲ್ಲದ ಅಕ್ಷರಕ್ಕೆ ಕತೆಗಳು ಅಂಟಿಕೊಂಡವು. ಎಷ್ಟೋ ಆಲೆಫ್‌ಗಳು ಪದದ ಕೊನೆಯಲ್ಲೋ ನಡುವಿನಲ್ಲೋ ಸುಮ್ಮನೆ ಕೂತಿವೆ. ಅವನ್ನು ಅಳಿಸುವಂತಿಲ್ಲವಾದ್ದರಿಂದ ವಿವರಿಸಲೇಬೇಕಾಯಿತು. ಇದೇ ಆಲೆಫ್ ಬೀಗದಿಂದ ಹೊರಗೆ ಬಂದ ಕಡೆ ಹೇಗಿದೆ ನೋಡು. 1132ರಲ್ಲಿ ಅಬ್ರಹಾಂ ಬೆನ್ ಯಿಜು ಅನ್ನುವ ಟುನೀಸಿಯಾ ಮೂಲದ ಯಹೂದಿ ವರ್ತಕ ನಮ್ಮ ಮಂಗಳೂರಿನಲ್ಲಿದ್ದ. ಮೆಣಸು, ಅಡಿಕೆ, ಕಬ್ಬಿಣ ಸಾಗಿಸುತ್ತಿದ್ದ. ಅಶು ಅನ್ನುವ ದಾಸಿಯನ್ನು ಬಿಡುಗಡೆ ಮಾಡಿದ ಪತ್ರವನ್ನು ಆ ವರ್ಷ ಅಲ್ಲೇ ಬರೆದದ್ದು. ಅವನ ವ್ಯಾಪಾರದ ಪತ್ರಗಳ ಭಾಷೆ ಅರಬ್ಬಿ, ಲಿಪಿ ಹೀಬ್ರೂ. ಅವುಗಳಲ್ಲಿ ಆಲೆಫ್ ‘ಆ’ ಅನ್ನುವ ದೀರ್ಘಕ್ಕೆ ನಿಂತ ಕೂಲಿಯಾಳು. ಗೂಢವೂ ಇಲ್ಲ, ಮೌನವೂ ಇಲ್ಲ. ಯುರೋಪಿನ ಯಹೂದಿಗಳು ಹೀಬ್ರೂ ಲಿಪಿಯಲ್ಲಿ ಬರೆಯುವ ಯಿದ್ದಿಶ್ ಭಾಷೆಯಲ್ಲೂ ಹಾಗೇ. ಅಲ್ಲಿ ಆಲೆಫ್ ಕೆಳಗೆ ಒಂದು ಗುರುತಿಟ್ಟರೆ ‘ಅ’, ಇನ್ನೊಂದು ಇಟ್ಟರೆ ‘ಒ’. ಏನೂ ಇಡದಿದ್ದರೆ ಅದಕ್ಕೆ ‘ಶ್ತುಮರ್ ಆಲೆಫ್’ ಅನ್ನುತ್ತಾರೆ. ಮೂಕ ಆಲೆಫ್ ಅಂತ ನೇರವಾಗಿ ಕರೆದು ಮುಂದಿನ ಕೆಲಸ ನೋಡಿಕೊಂಡರು. ಅರ್ಥ ಇರುವುದು ಅಕ್ಷರದಲ್ಲಾಗಿದ್ದರೆ ಮಂಗಳೂರಿನ ಬಂದರಿನಲ್ಲೂ ಇರಬೇಕಿತ್ತು. ಅದು ಇದ್ದದ್ದು ಬೀಗದಲ್ಲಿ.

ಶಿಷ್ಯೆ: ಮಂಗಳೂರಿನ ಸಾಕ್ಷಿಯನ್ನು ನೀವೇ ಕರೆದಿರಿ, ಪಾಟೀಸವಾಲು ನನಗೆ ಬಿಡಿ. ಮೆಣಸಿನ ಲೆಕ್ಕದ ಪತ್ರ ಏಳುನೂರು ವರ್ಷಕ್ಕೂ ಮಿಕ್ಕಿ ಉಳಿದದ್ದು ಎಲ್ಲಿ? ಕೈರೋದ ಬೆನ್ ಎಜ್ರಾ ದೇವಾಲಯದ ಗೆನಿಜಾ ಕೋಣೆಯಲ್ಲಿ. ಯಾಕೆ ಉಳಿಯಿತು? ದೇವರ ಹೆಸರಿರಬಹುದಾದ ಹೀಬ್ರೂ ಬರಹವನ್ನು ಕಸಕ್ಕೆ ಹಾಕಬಾರದು ಅನ್ನುವ ಭಯಭಕ್ತಿಯಿಂದ. ಹಳೆಯ ಪ್ರಾರ್ಥನೆಯನ್ನೂ ಹರಿದ ಬಿಲ್ಲನ್ನೂ ಒಂದೇ ಕೋಣೆಗೆ ಹಾಕಿದರು. ವರ್ತಕನ ಆಲೆಫ್ ಬರೀ ಕೂಲಿಯಾಳು ಅಂತ ನಿಮಗೆ ಗೊತ್ತಾದದ್ದೇ ಅದನ್ನು ಕೂಲಿಯಾಳು ಅಂತ ಕಾಣದವರಿಂದ! ಇನ್ನೊಂದು. ಆ ವರ್ತಕನ ಪರವಾಗಿ ಏಡನ್‌ಗೆ ಹೋಗಿ ವ್ಯವಹರಿಸುತ್ತಿದ್ದ ಒಬ್ಬ ದಾಸನಿದ್ದ. ಪತ್ರಗಳಲ್ಲಿ ಅವನ ಹೆಸರಿನ ಸ್ವರವೂ ಕಾಣುವುದಿಲ್ಲ, ಒತ್ತೂ ಕಾಣುವುದಿಲ್ಲ. ಲೇಖಕ ಅಮಿತಾವ್ ಘೋಷ್ ಅದರ ಬೆನ್ನುಹತ್ತಿ ಮಂಗಳೂರಿಗೆ ಬಂದು, ವಿದ್ವಾಂಸ ವಿವೇಕ ರೈ ಅವರಂಥವರ ನೆರವಿನಿಂದ ‘ಬೊಮ್ಮ’ ಅಂತ ಓದಿದರು. 1992ರಲ್ಲಿ ಬಂದ ಅವರ ಪುಸ್ತಕದಲ್ಲಿ ಅದೆಲ್ಲ ಇದೆ. ಬರೆಯದೆ ಬಿಟ್ಟದ್ದನ್ನು ಓದುಗ ತುಂಬಬೇಕು ಅನ್ನುವುದು ಈ ಲಿಪಿಯ ಗುಣ. ದೇವರ ಮಾತನ್ನೂ ಹಾಗೇ ಓದಬೇಕು, ದಾಸನ ಹೆಸರನ್ನೂ ಹಾಗೇ ಓದಬೇಕು. ಅರ್ಥ ಹುಡುಕುವ ಅಭ್ಯಾಸ ಬೀಗದಿಂದ ಬಂದದ್ದಲ್ಲ, ಓದಿನಿಂದಲೇ ಬಂದದ್ದು.

ಮೇಷ್ಟ್ರು: ಗೆನಿಜಾದ ಮಾತು ಒಪ್ಪಿದೆ. ಆ ಏಟು ನನಗೆ ತಗುಲಿತು.

ಶಿಷ್ಯೆ: ಇನ್ನೊಂದು ಏಟು ಬಾಕಿ ಇದೆ. ಬೀಗ ಬಿದ್ದದ್ದು ಎಲ್ಲ ಅಕ್ಷರಕ್ಕೂ. ಅಯಿನ್ ಅನ್ನುವ ಅಕ್ಷರದ ದನಿಯೂ ಇವತ್ತು ಬಹುಪಾಲು ಜನರ ಬಾಯಲ್ಲಿ ಸತ್ತಿದೆ. ದೇವರು ಕಟ್ಟಳೆ ಕೊಟ್ಟ ಸಿನಾಯ್ ಬೆಟ್ಟದಲ್ಲಿ ಜನ ಕೇಳಿದ್ದು ಮೌನವನ್ನೇ ಅನ್ನುತ್ತಾರಲ್ಲ, ಹಾಗಿದ್ದ ಮೇಲೆ ಆ ಮೌನವನ್ನು ಆಲೆಫ್ ಒಂದಕ್ಕೇ ಯಾಕೆ ಕೊಟ್ಟರು?

ಮೇಷ್ಟ್ರು: ಬಾ, ಇಲ್ಲೇ ನಿನ್ನನ್ನು ಕಾಯುತ್ತಿದ್ದೆ. ಕತೆಗಳನ್ನು ಕಾಲಾನುಕ್ರಮದಲ್ಲಿ ಇಡು. ಹಳೆಯದು ತೋರಾದ ಮೊದಲ ಪುಸ್ತಕದ ವ್ಯಾಖ್ಯಾನವಾದ ‘ಬೆರೇಶೀತ್ ರಬ್ಬಾ’ದಲ್ಲಿ ಬರುತ್ತದೆ. ತೋರಾ ಶುರುವಾಗುವುದು ಎರಡನೇ ಅಕ್ಷರವಾದ ಬೇತ್‌ನಿಂದ. ನಾನು ಮೊದಲನೆಯವನು, ನನ್ನನ್ನು ಬಿಟ್ಟಿರಿ ಅಂತ ಆಲೆಫ್ ದೇವರ ಮುಂದೆ 26 ತಲೆಮಾರು ಗೋಳಾಡಿತಂತೆ. ಕೊನೆಗೆ ಸಿನಾಯ್ ಬೆಟ್ಟದಲ್ಲಿ ಹತ್ತು ಕಟ್ಟಳೆಗಳು ‘ಅನೋಖಿ’, ಅಂದರೆ ‘ನಾನು’, ಅನ್ನುವ ಪದದಿಂದ ಶುರುವಾದಾಗ ಅದಕ್ಕೆ ಮರ್ಯಾದೆ ಸಿಕ್ಕಿತು. ಈ ಕತೆಯಲ್ಲಿ ಮೌನದ ಸುದ್ದಿಯೇ ಇಲ್ಲ, ಗೋಳಾಡಿದೆ! ಇದು ಸರದಿಯ ಜಗಳ. ಯಾಕೆಂದರೆ ಆಗ ಆಲೆಫ್‌ಗೂ ಅಯಿನ್‌ಗೂ ದನಿಯಿತ್ತು. ಬೇತ್ ಶೆಆನ್, ಹೈಫಾ ಊರಿನವರು ಅವೆರಡನ್ನು ಅದಲುಬದಲು ಮಾಡುತ್ತಾರೆ, ಅವರನ್ನು ಪ್ರಾರ್ಥನೆಗೆ ಮುಂದೆ ನಿಲ್ಲಿಸಬೇಡಿ ಅನ್ನುತ್ತದೆ ತಾಲ್ಮುದ್. ಇನ್ನು ಅಂಕಿಯ ಲೆಕ್ಕ. ಹೀಬ್ರೂವಿನಲ್ಲಿ ಪ್ರತಿ ಅಕ್ಷರಕ್ಕೂ ಒಂದು ಅಂಕಿಯಿದೆ. ಆಲೆಫ್‌ನ ಆಕಾರ ಬಿಡಿಸಿದರೆ ಎರಡು ಯೋದ್, ನಡುವೆ ಒಂದು ವಾವ್. ಹತ್ತು, ಹತ್ತು, ಆರು, ಒಟ್ಟು 26. ದೇವರ ನಾಲ್ಕಕ್ಷರದ ಹೆಸರಿನ ಮೊತ್ತವೂ 26. ಮೈ ಜುಮ್ಮೆನ್ನುತ್ತದೆ, ನಿಜ. ಆದರೆ ಆ ಚೌಕ ಆಕಾರ ಹೀಬ್ರೂವಿನ ಸ್ವಂತದ್ದಲ್ಲ. ಬಾಬಿಲೋನಿನ ಸೆರೆಯ ನಂತರದ ಶತಮಾನಗಳಲ್ಲಿ ಅರಮಾಯಿಕ್ ಲಿಪಿಯಿಂದ ಬಂದದ್ದು. ಅದಕ್ಕೂ ಹಿಂದಿನ ಹೀಬ್ರೂ ಆಲೆಫ್‌ನಲ್ಲಿ ಯೋದ್‌ಗಳನ್ನು ಹುಡುಕಿದರೆ ಎತ್ತಿನ ಕೊಂಬು ಚುಚ್ಚುತ್ತದೆ. ಕೊನೆಗೆ ಮೌನ. ಅದು ಪೋಲೆಂಡಿನ ರಿಮಾನೂವ್‌ನ ಹಸೀದಿ ಗುರು ಮೆಂಡೆಲ್ ಅವರದು ಅನ್ನುವ ಮಾತು. ಅವರು ತೀರಿಕೊಂಡದ್ದು 1815ರಲ್ಲಿ. ಬೆಟ್ಟದ ಬುಡದಲ್ಲಿ ಜನ ಕೇಳಿದ್ದು ಇಡೀ ಕಟ್ಟಳೆಗಳನ್ನಲ್ಲ, ‘ಅನೋಖಿ’ಯ ಮೊದಲ ಆಲೆಫ್ ಒಂದನ್ನೇ ಅಂತ. ಎಂಥ ಮಾತು! ಆದರೆ ಅದು ಹುಟ್ಟಿದ್ದು ಎಲ್ಲಿ? ಆಲೆಫ್ ಪೂರಾ ಮೂಕವಾಗಿದ್ದ ಪೂರ್ವ ಯುರೋಪಿನ ಉಚ್ಚಾರಣೆಯಲ್ಲಿ. ಸರದಿ ಇದ್ದಾಗ ಸರದಿಯ ಅರ್ಥ, ಆಕಾರ ಬಂದಮೇಲೆ ಆಕಾರದ ಅರ್ಥ, ದನಿ ಹೋದಮೇಲೆ ಮೌನದ ಅರ್ಥ. ಬಳಕೆ ಮುಂದೆ ಹೋಗುತ್ತದೆ, ಅರ್ಥ ಬುತ್ತಿ ಹೊತ್ತು ಹಿಂದೆ ಬರುತ್ತದೆ.

ಶಿಷ್ಯೆ: ಕ್ರಮ ಸರಿಯಾಗಿದೆ, ಮೇಷ್ಟ್ರೇ. ಅದನ್ನು ಅಲ್ಲಗಳೆಯಲಾರೆ. ಆದರೆ ಹಿಂದೆ ಬಂದದ್ದು ಸುಳ್ಳು ಅಂತ ಆಗುವುದಿಲ್ಲವಲ್ಲ. ಯಹೂದಿ ಅನುಭಾವದ ವಿದ್ವಾಂಸ ಗರ್ಷೋಂ ಶೋಲೆಮ್, ಮೆಂಡೆಲ್ ಅವರ ಮಾತನ್ನು ವಿವರಿಸುವಾಗ ಹಿಡಿದದ್ದು ಧ್ವನಿಶಾಸ್ತ್ರದ ಎಳೆಯನ್ನೇ. ಆಲೆಫ್ ಅಂದರೆ ದನಿ ಹೊರಡುವ ಮುಂಚೆ ಗಂಟಲು ಸಜ್ಜಾಗುವ ಬಗೆ. ಅದನ್ನು ಕೇಳುವುದು ಅಂದರೆ ಹೆಚ್ಚುಕಡಿಮೆ ಏನನ್ನೂ ಕೇಳದಿರುವುದು. ಅಲ್ಲಿಂದ ಮುಂದಿನ ಮಾತೆಲ್ಲ ಮನುಷ್ಯರು ಮಾಡಿಕೊಂಡ ವ್ಯಾಖ್ಯಾನ. ಈ ಅರ್ಥವನ್ನು ‘ಬ್’ ಮೇಲೆ ಹೊರಿಸಲಿಕ್ಕಾಗುತ್ತದೆಯೇ? ಆಗದು. ಅಕ್ಷರದ ಗುಣ ಕೆಲವು ಅರ್ಥಗಳಿಗೆ ಜಾಗ ಕೊಡುತ್ತದೆ, ಕೆಲವಕ್ಕೆ ಕೊಡುವುದಿಲ್ಲ. ಗೋಲೆಮ್ ಕತೆಯನ್ನೇ ನೋಡಿ. ಮಣ್ಣಿನ ಆಳಿನ ಹಣೆಯ ಮೇಲೆ ‘ಎಮೆತ್’, ಸತ್ಯ, ಅಂತ ಬರೆದರೆ ಎದ್ದು ಕೆಲಸ ಮಾಡುತ್ತದೆ. ಮೊದಲ ಆಲೆಫ್ ಅಳಿಸಿದರೆ ಉಳಿಯುವುದು ‘ಮೇತ್’, ಸತ್ತಿದೆ. ಕುಸಿಯುತ್ತದೆ. 1808ರಲ್ಲಿ ಯಾಕೋಬ್ ಗ್ರಿಮ್ ಇದನ್ನು ಪೋಲೆಂಡಿನ ಯಹೂದಿಗಳ ಕತೆ ಅಂತ ಅಚ್ಚು ಹಾಕಿಸಿದರು. ಇಲ್ಲಿ ಯಾವ ಶತಮಾನದ ಉಚ್ಚಾರಣೆಯೂ ಬೇಕಿಲ್ಲ, ಕಾಗುಣಿತವೊಂದೇ ಸಾಕು.

ಮೇಷ್ಟ್ರು: ಕಾಗುಣಿತ ಸಾಕು, ವ್ಯಾಕರಣ ಒಪ್ಪುವುದಿಲ್ಲ. ಸತ್ಯದ ಧಾತು ಬೇರೆ, ಸಾವಿನ ಧಾತು ಬೇರೆ. ಅವೆರಡು ಕೂಡಿದ್ದು ಆಕಸ್ಮಿಕ. ಎಮೆತ್‌ನಲ್ಲಿ ಅಕ್ಷರಮಾಲೆಯ ಮೊದಲನೆಯದು, ನಡುವಿನದು, ಕೊನೆಯದು ಮೂರೂ ಇವೆ, ಆದ್ದರಿಂದ ಸತ್ಯ ಗಟ್ಟಿಯಾಗಿ ನಿಲ್ಲುತ್ತದೆ ಅನ್ನುವ ಹಳೇ ಮಾತೂ ಇದೆಯಲ್ಲ. 22ರಲ್ಲಿ ಮೆಮ್ 13ನೆಯದು, ನಟ್ಟನಡುವಿನದಲ್ಲ.

ಶಿಷ್ಯೆ: ಪದದ ಕೊನೆಯಲ್ಲಿ ಬೇರೆ ರೂಪ ತಾಳುವ ಐದನ್ನು ಆಯಾ ಜಾಗದಲ್ಲಿ ಸೇರಿಸಿ ಎಣಿಸಿ, ಮೇಷ್ಟ್ರೇ. 27ರಲ್ಲಿ ಮೆಮ್ 14ನೆಯದು. ಈ ಕಡೆ 13, ಆ ಕಡೆ 13.

ಮೇಷ್ಟ್ರು: ಬೇಕಾದಾಗ 22, ಬೇಕಾದಾಗ 27! ಇರಲಿ. ಆ ‘ಎಮೆತ್’ಗೆ ಮಾಸ್ಕೋದಲ್ಲಿ ಏನಾಯಿತು ಗೊತ್ತೇ? ಸೋವಿಯತ್ ಸರಕಾರದ ಕಾಲದಲ್ಲಿ ಯಿದ್ದಿಶ್ ಬರೆಯುವವರು ಹೀಬ್ರೂ ಮೂಲದ ಪದಗಳನ್ನೂ ಉಚ್ಚಾರಣೆಯಂತೆ ಬರೆಯಬೇಕು ಅಂತಾಯಿತು. ಬೀಗ ಒಡೆದರು. ಪಕ್ಷದ ಯಿದ್ದಿಶ್ ಪತ್ರಿಕೆಯ ಹೆಸರು ‘ದೆರ್ ಎಮೆಸ್’, ಅದೇ ಸತ್ಯ. ಅವರ ಕಾಗುಣಿತದಲ್ಲಿ ಅದು ಅಯಿನ್, ಮೆಮ್, ಅಯಿನ್, ಸಾಮೆಖ್. ಸತ್ಯದಿಂದ ಆಲೆಫ್ ಹೊರಗೆ. ಆದರೂ ಪತ್ರಿಕೆ ಕುಸಿದು ಬೀಳಲಿಲ್ಲ.

ಶಿಷ್ಯೆ: 1938ರಲ್ಲಿ ಮುಚ್ಚಿಸಿದರು.

ಮೇಷ್ಟ್ರು: ಅದು ಸ್ಟಾಲಿನ್ ಕಾಲದ ಕೈವಾಡ, ಆಲೆಫ್‌ನದಲ್ಲ.

ಶಿಷ್ಯೆ: ಅಲ್ಲ, ಸರಿ. ಆದರೆ ಆ ಸುಧಾರಕರು ಅಷ್ಟು ಹಟದಿಂದ ಆಲೆಫ್ ಕಿತ್ತದ್ದು ಯಾಕೆ? ಆ ಕಾಗುಣಿತ ಪದವನ್ನು ಧರ್ಮಗ್ರಂಥಕ್ಕೆ ಕಟ್ಟಿಹಾಕುತ್ತದೆ ಅಂತ. ಅರ್ಥವಿಲ್ಲದ ಗೆರೆಗೆ ಯಾವ ಸರಕಾರವೂ ಅಂಜುವುದಿಲ್ಲ. ನಾನು ಕೇಳುವುದು ಇಷ್ಟೇ. ಲೇವಿಯರ ಪುಸ್ತಕದ ಮೊದಲ ಪದ ‘ವಯ್ಯಿಕ್ರಾ’, ಅಂದರೆ ‘ಕರೆದನು’. ಎಲ್ಲ ಸುರುಳಿಗಳಲ್ಲೂ ಅದರ ಕೊನೆಯ ಆಲೆಫ್ ಅನ್ನು ಸಣ್ಣದಾಗಿ ಬರೆಯುತ್ತಾರೆ. ಆ ಆಲೆಫ್ ತೆಗೆದರೆ ‘ವಯ್ಯಿಕರ್’, ದಾರಿಯಲ್ಲಿ ‘ಎದುರಾದನು’ ಅಂತಾಗುತ್ತದೆ. ಅನ್ಯಜನರ ಪ್ರವಾದಿ ಬಿಳಾಮನಿಗೆ ದೇವರು ಹಾಗೆ ಎದುರಾದ. ಮೋಶೆ ತನಗೂ ಅಷ್ಟೇ ಸಾಕು ಅಂತ ವಿನಯದಿಂದ ಆಲೆಫ್ ಬಿಡಲು ಹೊರಟ, ದೇವರು ಬಿಡಗೊಡಲಿಲ್ಲ, ರಾಜಿಯಾಗಿ ಸಣ್ಣದಾಗಿ ಬರೆದ ಅನ್ನುತ್ತದೆ ಪರಂಪರೆ. ನಿಮ್ಮ ಬಳಕೆಯ ಸೂತ್ರ ಇದನ್ನು ವಿವರಿಸುತ್ತದೆಯೇ?

ಮೇಷ್ಟ್ರು: ಮುಂದಿನ ಪದವೂ ಆಲೆಫ್‌ನಿಂದಲೇ ಶುರು. ಪದಗಳ ನಡುವೆ ಜಾಗ ಬಿಡದೆ ಬರೆಯುತ್ತಿದ್ದ ಕಾಲದಲ್ಲಿ ಎರಡರ ಬದಲು ಒಂದೇ ಬರೆದು, ಬಿಟ್ಟದ್ದನ್ನು ಆಮೇಲೆ ಸಣ್ಣದಾಗಿ ತೂರಿಸಿರಬಹುದು ಅನ್ನುವ ಒಂದು ಊಹೆ ಇದೆ. ಊಹೆಯೇ, ಪುರಾವೆಯಲ್ಲ. ಅದು ನಿಜವಾದರೂ ಆ ಸಣ್ಣತನವನ್ನು ಇಷ್ಟು ಶತಮಾನ ತಿದ್ದದೆ ನಕಲು ಮಾಡಿದ ಕೈಗಳಿಗೆ ನನ್ನ ಸೂತ್ರದಲ್ಲಿ ಉತ್ತರವಿಲ್ಲ ಅಂತ ಒಪ್ಪುತ್ತೇನೆ. ತಪ್ಪು ಅಂತ ಅನ್ನಿಸಿದ್ದರೆ ಯಾರಾದರೂ ದೊಡ್ಡದು ಮಾಡುತ್ತಿದ್ದರು.

ಶಿಷ್ಯೆ: ನಾನೂ ಒಂದು ಒಪ್ಪಬೇಕು. ಎಲ್ಲಿ ಯೋದ್, ವಾವ್‌ಗಳಂಥ ಅಕ್ಷರಗಳನ್ನು ಪೂರ್ತಿ ಬರೆಯಬೇಕು, ಎಲ್ಲಿ ಬಿಡಬೇಕು ಅನ್ನುವುದರಲ್ಲಿ ನಾವು ಪರಿಣತರಲ್ಲ ಅಂತ ತಾಲ್ಮುದಿನಲ್ಲೇ ರಬ್ಬಿಯೊಬ್ಬರು ಒಪ್ಪಿಕೊಂಡಿದ್ದಾರೆ. ಬೀಗ ಹಾಕಿದವರಿಗೇ ಬೀಗದ ಮೇಲೆ ಪೂರ್ತಿ ನಂಬಿಕೆ ಇರಲಿಲ್ಲ.

ಇಲ್ಲಿಗೆ ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಾದರು. ಲೇಖಕನಾಗಿ ನನ್ನ ಒಲವು ಮೇಷ್ಟ್ರ ಕಾಲಾನುಕ್ರಮದ ಕಡೆಗೆ. ಆದರೆ ಗೆನಿಜಾ ಕೋಣೆಯ ಮಾತಿಗೆ ಅವರಿಂದ ಉತ್ತರ ಬರಲಿಲ್ಲ ಅನ್ನುವುದನ್ನೂ ಓದುಗರು ಗಮನಿಸಿರಬೇಕು.

ಶಿಷ್ಯೆ: ನಮ್ಮ ‘ಅ’ ಕೂಡ ಆಲೆಫ್‌ನ ವಂಶದ್ದೇ ಅನ್ನುತ್ತಾರಲ್ಲ?

ಮೇಷ್ಟ್ರು: ಬ್ರಾಹ್ಮಿಗೆ ಸೆಮಿಟಿಕ್ ಮೂಲ ಇದೆ ಅಂತ ವಿದ್ವಾಂಸ ಬ್ಯೂಲರ್ 19ನೇ ಶತಮಾನದ ಕೊನೆಯಲ್ಲಿ ವಾದಿಸಿದರು. ಬ್ರಾಹ್ಮಿಯ ‘ಅ’ಕ್ಕೂ ಹಳೇ ಆಲೆಫ್‌ಗೂ ಹೋಲಿಕೆ ತೋರಿಸಿದರು. ಆ ತಕರಾರು ಇನ್ನೂ ತೀರಿಲ್ಲ. ಖರೋಷ್ಠಿಯದು ಬಹುಮಟ್ಟಿಗೆ ತೀರಿದೆ. ಅದು ಹೀಬ್ರೂ ಚೌಕ ಲಿಪಿಯ ಹಾಗೇ ಅರಮಾಯಿಕ್‌ನ ಸಂತತಿ, ಬಲದಿಂದ ಎಡಕ್ಕೆ ಓಡುತ್ತದೆ. ಅದರಲ್ಲಿ ‘ಇ’, ‘ಉ’, ‘ಎ’, ‘ಒ’ ಬರೆಯಬೇಕಾದರೆ ‘ಅ’ದ ಗುರುತಿಗೇ ಒಂದೊಂದು ಗೀಟು ಸೇರಿಸಬೇಕು. ಆಲೆಫ್ ಅಲ್ಲಿಯೂ ಸ್ವರ ಹೊರುವ ಎತ್ತೇ. ಗಾಂಧಾರದ ಕಡೆಯ ಆ ಲಿಪಿ ನಮ್ಮಲ್ಲೂ ಒಂದು ಕಡೆ ಕಾಣುತ್ತದೆ. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ಸೀಮೆಯಲ್ಲಿ ಬಿ. ಎಲ್. ರೈಸ್ 1892ರಲ್ಲಿ ಪತ್ತೆಮಾಡಿದ ಅಶೋಕನ ಶಾಸನಗಳಿವೆಯಲ್ಲ, ಬ್ರಹ್ಮಗಿರಿಯಲ್ಲಿ. ಇಡೀ ಶಾಸನ ಬ್ರಾಹ್ಮಿಯಲ್ಲಿದೆ. ಕೊನೆಗೆ ಬರೆದವನು ಚಪಡ ಅಂತ ಹೆಸರಿದೆ. ಅವನ ಕಸುಬು ಹೇಳುವ ಕೊನೆಯ ಒಂದು ಪದ ಮಾತ್ರ ಖರೋಷ್ಠಿಯಲ್ಲಿ, ‘ಲಿಪಿಕರೇಣ’ ಅಂತ.

ಶಿಷ್ಯೆ: ಹಾಗಾದರೆ ಆಲೆಫ್‌ನ ಮೊಮ್ಮಗ ಮೊಳಕಾಲ್ಮೂರಿನ ಬಂಡೆಯ ಮೇಲಿದ್ದಾನೆ!

ಮೇಷ್ಟ್ರು: ಎಣಿಸಿ ನೋಡು. ಲಿ, ಪಿ, ಕ, ರೇ, ಣ. ಐದೇ ಅಕ್ಷರ. ಅದರಲ್ಲಿ ‘ಅ’ ಇಲ್ಲ.